ಅಮ್ಮನ ಬಗ್ಗೆ ಬರೆಯುವ ಮೊದಲು

ಪ್ರೀತಿಯ ಕೂಸೇ,

ನೀನು ಕಳಿಸಿದ ಪುಟಗಳನ್ನು ಓದಿದೆ. ವರ್ಷಾಂತಿಕಕ್ಕೆ ಬಂದವರ ಕೈಗೆ ಅಮ್ಮನ ನೆನಪಿನ ಚಿಕ್ಕ ಪುಸ್ತಕ ಕೊಡಬೇಕು ಅನ್ನುವ ನಿನ್ನ ಯೋಚನೆ ನನಗೆ ತುಂಬಾ ಹಿಡಿಸಿತು. ಬರೆದದ್ದರಲ್ಲಿ ಪ್ರೀತಿ ಇದೆ. ಆದರೆ ಅದರಲ್ಲಿರುವ ಹೆಂಗಸು ಯಾರ ಅಮ್ಮ ಬೇಕಾದರೂ ಆಗಬಹುದು. ಯಾರಿಗೂ ಎದುರಾಡಿದವಳಲ್ಲ, ಸದಾ ನಗುಮುಖ, ಮನೆಗಾಗಿ ಸವೆದಳು ಅಂತೆಲ್ಲ ಬರೆದಿದ್ದೀಯ. ನಿನ್ನಮ್ಮ ಹಾಗಿರಲಿಲ್ಲ ಮಾರಾಯ್ತಿ. ಎದುರಾಡುತ್ತಿದ್ದಳು. ಸಿಟ್ಟು ಬಂದರೆ ಎರಡು ದಿನ ಮಾತು ಬಿಡುತ್ತಿದ್ದಳು. ಅಷ್ಟು ಜನ ಅವಳನ್ನು ಹಚ್ಚಿಕೊಂಡಿದ್ದು ಅವಳು ಹಾಗಿದ್ದಳು ಅಂತಲೇ. ಇದ್ದ ಹಾಗೆ ಬರೆ.

ನಿನಗೆ ಅವಳು ಅಮ್ಮ, ಅಣ್ಣನಿಗೆ ಹೆಂಡತಿ. ನನಗೆ ಅತ್ತಿಗೆ ಆಗುವುದಕ್ಕೆ ಎಷ್ಟೋ ಮೊದಲೇ ಗೆಳತಿ. ನಿನ್ನ ಪುಟಗಳಲ್ಲಿ ಅವಳ ಮದುವೆಗೆ ಮುಂಚಿನದು ಒಂದೇ ಸಾಲು ಇದೆ, ತವರು ಮುಳುಗಡೆಯಾಗಿತ್ತು ಅಂತ. ಅಲ್ಲಿಂದಲೇ ಶುರು ಮಾಡು.

ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಿದ್ದು 1964ರಲ್ಲಿ. ಆಗ ಅವಳಿಗೆ ಹತ್ತು ವರ್ಷ. ಶರಾವತಿ ದಂಡೆಯ ಮನೆ, ಗದ್ದೆ, ತೋಟ, ಎಲ್ಲ ಹೋಯಿತು. ಅವಳ ಅಪ್ಪ ಮನೆಯ ಬಾಗಿಲು, ಕಂಬ, ಜಂತಿಗಳನ್ನು ಬಿಚ್ಚಿ ಎತ್ತಿನ ಗಾಡಿಗೆ ಹೇರಿದರು. ಹೊಸ ಜಾಗದಲ್ಲಿ ಕಾಡು, ಜಿಗಣೆ, ಮಲೇರಿಯಾ. ಆ ನೆಲದ ಹಕ್ಕುಪತ್ರಕ್ಕೆ ಅವರು ಸಾಯುವ ತನಕ ಕಚೇರಿಯಿಂದ ಕಚೇರಿಗೆ ಅಲೆದರು. ಮುಳುಗಡೆಯವರ ಈ ಗೋಳು ಇವತ್ತಿಗೂ ಪೂರ್ತಿ ಮುಗಿದಿಲ್ಲ, ನಿನಗೂ ಪೇಪರಿನಲ್ಲಿ ಓದಿ ಗೊತ್ತಿರುತ್ತದೆ. ಆ ನೀರಿನಿಂದ ಶರಾವತಿಯಲ್ಲಿ 1035 ಮೆಗಾವ್ಯಾಟ್ ಕರೆಂಟು ತೆಗೆಯುವ ಯಂತ್ರಗಳು ಬಂದವು. ಅವಳ ತವರಿಗೆ ಮಾತ್ರ ದೀಪ ಬಂದಿದ್ದು ಅವಳು ಮದುವೆಯಾಗಿ ಹೋದ ಮೇಲೆ. ಚಿಕ್ಕವರಿದ್ದಾಗ ನೀವು ಲೈಟು ಆರಿಸದೆ ಎದ್ದು ಹೋದರೆ ಅವಳು ಯಾಕೆ ಅಷ್ಟು ರೇಗುತ್ತಿದ್ದಳು ಅಂತ ಈಗ ಗೊತ್ತಾಯಿತಲ್ವಾ? ಜಿಪುಣತನ ಅಂತ ನಿನ್ನ ತಮ್ಮ ತಮಾಷೆ ಮಾಡುತ್ತಿದ್ದ. ಅವನಿಗೂ ಇದನ್ನು ಹೇಳು.

ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೆ ಮೇಲೆದ್ದು ಕಾಣುತ್ತದೆ. ಅದು ಮುಳುಗಿದ್ದೂ ಲಿಂಗನಮಕ್ಕಿಯಲ್ಲೇ. ಜನ ಸಾಲುಗಟ್ಟಿ ನೋಡಲು ಹೋಗುತ್ತಾರೆ. ಅವಳು ಒಂದು ಸಲ ಬಂದಳು. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ಆದರೆ ಹೊಳೆದಂಡೆಯ ಅಪ್ಪೆಮಾವಿನ ಮರಗಳ ಮಾತು ತೆಗೆದರೆ ಸಾಕು, ಗಂಟೆಗಟ್ಟಲೆ ಹೇಳುತ್ತಿದ್ದಳು. ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ, ಇದು ಉಪ್ಪಿನಕಾಯಿಗೆ ಆಗುತ್ತದೆ, ಇದು ಆಗುವುದಿಲ್ಲ ಅಂತ ಆರಿಸಿ ಹಾಕುತ್ತಿದ್ದಳಲ್ಲ, ಆ ವಿದ್ಯೆ ಅಲ್ಲಿಯದು. ಮಿಡಿ ಉಪ್ಪಿನಲ್ಲಿ ಚೆನ್ನಾಗಿ ಮುರುಟುವ ತನಕ ಖಾರ ಬೆರೆಸಲು ಯಾರು ಎಷ್ಟು ಅವಸರ ಮಾಡಿದರೂ ಬಿಡುತ್ತಿರಲಿಲ್ಲ. 'ಅಡುಗೆಯಲ್ಲಿ ನಿಪುಣೆ' ಅನ್ನುವ ನಿನ್ನ ಸಾಲು ತೆಗೆದು ಇದನ್ನು ಹಾಕು.

ಇನ್ನೊಂದು ವಿಷಯ ನೀವು ಮಕ್ಕಳಿಗೆ ಯಾರೂ ಹೇಳಿರಲಿಕ್ಕಿಲ್ಲ. ನಿನ್ನ ಅಜ್ಜ, ಅಂದರೆ ನಮ್ಮಪ್ಪ, ತೀರಿಹೋದ ಮೇಲೆ ಆಸ್ತಿ ಕಾಗದಕ್ಕೆ ಹೆಣ್ಣುಮಕ್ಕಳ ಸಹಿ ಹಾಕಿಸಿಕೊಳ್ಳುವ ಮಾತು ಬಂತು. ಆಗಿನ ರೂಢಿ ಅದು. ಮಗಳಿಗೂ ಮಗನಷ್ಟೇ ಹಕ್ಕು ಅನ್ನುವ ಕಾನೂನು ದೇಶಕ್ಕೆಲ್ಲ ಬಂದಿದ್ದು 2005ರಲ್ಲಿ, ಇದು ಅದಕ್ಕಿಂತ ಎಷ್ಟೋ ಹಿಂದಿನ ಮಾತು. ಜಗಲಿಯಲ್ಲಿ ಹಿರಿಯರೆಲ್ಲ ಕೂತಿದ್ದಾರೆ. ನಿನ್ನಮ್ಮ ಒಳಗಿನಿಂದ ಬಂದು ಅಣ್ಣನಿಗೆ ಹೇಳಿದಳು, "ಸಹಿ ಆಮೇಲೆ ಹಾಕಿಸಿಕೊಳ್ಳಿ. ಮೊದಲು ಅವಳಿಗೆ ಏನು ಬೇಕು ಅಂತ ಕೇಳಿ." ತನ್ನ ಮಕ್ಕಳ ಪಾಲು ಕಡಿಮೆ ಆಗುತ್ತದೆ ಅಂತ ಗೊತ್ತಿದ್ದೂ ಆಡಿದ ಮಾತದು. ನೆಲ ಕಳೆದುಕೊಂಡವರ ಮನೆಯಲ್ಲಿ ಬೆಳೆದವಳು ಅವಳು, ಕಾಗದದ ಮೇಲಿನ ಹೆಸರಿಗೆ ಎಷ್ಟು ಬೆಲೆ ಅಂತ ಅವಳಿಗೆ ಗೊತ್ತಿತ್ತು. ನನ್ನ ಹೆಸರಿಗೆ ಒಂದು ತುಂಡು ತೋಟ ಇದ್ದರೆ ಅದು ಅವಳಿಂದ. ಅವಳನ್ನು ತಿಂಗಳುಗಟ್ಟಲೆ ಯಾರ್ಯಾರು ಮಾತಾಡಿಸಲಿಲ್ಲ ಅಂತ ಇಲ್ಲಿ ಬರೆಯುವುದಿಲ್ಲ. ಅವಳೂ ಅವರನ್ನು ಮಾತಾಡಿಸಲಿಲ್ಲ ಅನ್ನು!

ನಿನ್ನ ಅಪ್ಪಯ್ಯನ ಬಗ್ಗೆ ಒಂದು ಮಾತು. ಅವನಿಗೆ ನೋವಾಗುತ್ತದೆ ಅಂತ ಮನೆಯಲ್ಲಿ ಎಲ್ಲರೂ ಅವಳ ಹೆಸರೆತ್ತುವುದನ್ನೇ ಬಿಟ್ಟಿದ್ದೀರಿ. ಹಾಗೆ ಮಾಡಬೇಡಿ. ನಲವತ್ತೆಂಟು ವರ್ಷ ಜೊತೆಗಿದ್ದವನ ಮುಂದೆ ಅವಳು ಇರಲೇ ಇಲ್ಲವೇನೋ ಅನ್ನುವ ಹಾಗೆ ಕೂತರೆ ಅವನು ಎಲ್ಲಿಗೆ ಹೋಗಬೇಕು? ಹೆಗ್ಗೋಡಿನ ನಾಟಕದ ಕಥೆ ಕೇಳು. ಅಲ್ಲಿ ನೀನಾಸಮ್‌ನ ರಂಗಮಂದಿರ ಆಗಿದ್ದು 1972ರಲ್ಲಿ. ನಾವಿಬ್ಬರೂ ಆಗಿನಿಂದ ನಾಟಕ ನೋಡುವ ಹುಚ್ಚಿಯರು. ಮದುವೆಯ ಹೊಸತರಲ್ಲಿ ಅಣ್ಣನಿಗೆ ಅದು ಸರಿಬರಲಿಲ್ಲ, ಅಡಿಕೆ ಸುಗ್ಗಿಯಲ್ಲಿ ನಾಟಕವಾ ಅಂತ ಗೊಣಗಿದ. ಅವಳು ಸುಮ್ನೆ ಇರಲಿಲ್ಲ. ರಾತ್ರಿ ಅಡಿಕೆ ಸುಲಿಯಲು ಕೂತಾಗ ಇಡೀ ನಾಟಕವನ್ನು ಮಾತು ಮಾತಾಗಿ ಹೇಳಿದಳು. ಮುಂದಿನ ಸಲ ಎತ್ತಿನಗಾಡಿ ಕಟ್ಟಿದವನು ಅವನೇ. ಆಮೇಲೆ ಜಾಸ್ತಿ ಹುಚ್ಚು ಹಿಡಿದಿದ್ದೂ ಅವನಿಗೇ. ಯಾವ ನಾಟಕಕ್ಕೆ ಅವಳು ಅತ್ತಳು, ಯಾವುದಕ್ಕೆ ಬೈದಳು, ಅವನನ್ನೇ ಕೇಳು. ಮಾತಿನ ನಡುವೆ ಅತ್ತರೆ ಅಳಲಿ. ಎದ್ದು ನೀರು ತರಲು ಓಡಬೇಡ, ಪಕ್ಕದಲ್ಲೇ ಕೂತಿರು.

ಊರಿನ ಸ್ತ್ರೀಶಕ್ತಿ ಸಂಘದವರನ್ನೂ ಮಾತಾಡಿಸು. ಸಂಘದ ಲೆಕ್ಕದ ಪುಸ್ತಕ ಅಷ್ಟು ವರ್ಷ ಇದ್ದಿದ್ದು ಅವಳ ಕೈಯಲ್ಲಿ. ಯಾರ ಮಗಳ ಫೀಸಿಗೆ, ಯಾರ ಆಸ್ಪತ್ರೆಗೆ ಯಾವಾಗ ದುಡ್ಡು ಹೋಯಿತು ಅಂತ ಅವರು ಹೇಳುತ್ತಾರೆ. ನಿನ್ನ ಫೋನಿನಲ್ಲಿ ಅವಳು ಕಳಿಸಿದ ವಾಯ್ಸ್ ಮೆಸೇಜುಗಳಿವೆಯಲ್ಲ, ಅವನ್ನು ಇವತ್ತೇ ಕಂಪ್ಯೂಟರಿಗೆ ಹಾಕಿಡು. ಫೋನು ಕೆಟ್ಟರೆ ಆ ದನಿಯೂ ಹೋಗುತ್ತದೆ. ಆಸ್ಪತ್ರೆಯ ಕೊನೆಯ ತಿಂಗಳು ನಿನ್ನ ಪುಟಗಳಲ್ಲಿ ತುಂಬಾ ಜಾಗ ತಿಂದಿದೆ. ಎಪ್ಪತ್ತು ವರ್ಷ ಬಾಳಿದವಳಿಗೆ ಆ ಒಂದು ತಿಂಗಳು ನಾಲ್ಕು ಸಾಲು ಸಾಕು.

ಎಲ್ಲಕ್ಕಿಂತ ಮೊದಲು ತುಮರಿಯ ದೊಡ್ಡಮ್ಮನ ಹತ್ತಿರ ಹೋಗಬೇಕು. ಮುಳುಗಿದ ಮನೆಯನ್ನು ಕಂಡವರಲ್ಲಿ ಉಳಿದಿರುವುದು ಅವರೊಬ್ಬರೇ. ಹಿಂದೆ ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು, ಕೊನೆಯ ಲಾಂಚು ತಪ್ಪಿದರೆ ಅಲ್ಲೇ ಉಳಿಯಬೇಕಿತ್ತು. 2025ರ ಜುಲೈನಿಂದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಇದೆ. ಸುಮಾರು 2.4 ಕಿಲೋಮೀಟರ್, ಕಾರಿನಲ್ಲಿ ಕೆಲವೇ ನಿಮಿಷ. ಅಕ್ಕನ ಮನೆಗೆ ಆ ಸೇತುವೆ ಮೇಲೆ ಹೋಗಬೇಕು ಅಂತ ನಿನ್ನಮ್ಮ ಎಷ್ಟು ಆಸೆಪಟ್ಟಿದ್ದಳು. ಅಷ್ಟರೊಳಗೆ ಹೋಗಿಬಿಟ್ಟಳು.

ದೊಡ್ಡಮ್ಮನಿಗೆ ಕಿವಿ ಮಂದ. ಬೆಳಿಗ್ಗೆ ಹೊತ್ತು ಚೆನ್ನಾಗಿ ಮಾತಾಡುತ್ತಾರೆ, ಮಧ್ಯಾಹ್ನದ ಮೇಲೆ ಸುಸ್ತು. ಒಂದು ನೋಟ್‌ಬುಕ್ ತೆಗೆದುಕೊಂಡು ಬಾ. ಹಳೇ ಮನೆಯ ನಕ್ಷೆ ಬರೆಸಿಕೋ, ಅಡುಗೆಮನೆ ಎಲ್ಲಿತ್ತು, ಕೊಟ್ಟಿಗೆ ಎಲ್ಲಿತ್ತು, ಹೊಳೆಗೆ ಇಳಿಯುವ ದಾರಿ ಯಾವ ಕಡೆ ಅಂತ. ಹಿಂದಿನ ದಿನವೇ ಬಂದು ನಮ್ಮನೆಯಲ್ಲಿ ಉಳಿ. ಬೆಳಿಗ್ಗೆ ಬೇಗ ಹೊರಡೋಣ, ನಾನೂ ಬರುತ್ತೇನೆ. ಅಪ್ಪಯ್ಯನನ್ನೂ ಕರೆದುಕೊಂಡು ಬಾ.

ನಿನ್ನ
ಅತ್ತೆ