ಆಟಿಕೆ ತೆಗೆದು ಕೌದಿ ಇಟ್ಟದ್ದಕ್ಕೆ

ಬಳ್ಳಾರಿ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ದೀಪ ಆರಿಸಿದ ಮೇಲೆ ನೀನು ಕೇಳಿದೆ: "ಅಮ್ಮಾ, ಇಂಗ್ಲೆಂಡಿಗೆ ಹೋಗುವಾಗ ನನ್ನ ಆಟಿಕೆ ಚೀಲ ತೆಗೆದು ಆ ಹಳೆಯ ಕೌದಿ ಯಾಕೆ ಇಟ್ಟೆ?" ನಾವು ಮರಳಿ ಬಂದು ಐದು ತಿಂಗಳಾಗಿವೆ. ನೀನು ಅದನ್ನು ಮರೆತಿದ್ದೀಯ ಎಂದೇ ತಿಳಿದಿದ್ದೆ. ಆ ಹೊತ್ತಿಗೆ ಏನೋ ಒಂದು ಹೇಳಿ ನಿನ್ನನ್ನು ಮಲಗಿಸಿದೆ. ಆಮೇಲೆ ನನಗೆ ನಿದ್ದೆ ಬರಲಿಲ್ಲ. ಏಳು ವರ್ಷದ ಹುಡುಗಿ ಐದು ತಿಂಗಳು ಎದೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಡಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಒತ್ತಕ್ಷರ ತೊಡಕಾದ ಕಡೆ ಅಪ್ಪನಿಂದ ಓದಿಸಿಕೊ. ಈಗ ಅರ್ಥವಾಗದ ಮಾತುಗಳು ಹಾಗೇ ಇರಲಿ, ಪತ್ರ ನಿನ್ನ ಪೆಟ್ಟಿಗೆಯಲ್ಲಿರುತ್ತದೆ.

ಹೊರಡುವ ಹಿಂದಿನ ದಿನ ನಡುಮನೆಯಲ್ಲಿ ಸೂಟ್‌ಕೇಸ್‌ಗಳನ್ನು ತೂಗುತ್ತಿದ್ದೆವು. ಒಂದೊಂದಕ್ಕೆ 23 ಕಿಲೋ ಮಿತಿ. ನಿನ್ನ ಪೆಟ್ಟಿಗೆ 25 ತೋರಿಸಿತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ, ಸಂಡೂರಿನ ಲಂಬಾಣಿ ಕಸೂತಿಯ ಚೀಲಗಳು, ತಮ್ಮನ ಬಟ್ಟೆ, ಇವುಗಳಲ್ಲಿ ಯಾವುದನ್ನೂ ನಾನು ತೆಗೆಯಲಿಲ್ಲ. ನಿನ್ನ ಅಡುಗೆ ಆಟದ ಸಾಮಾನಿನ ಚೀಲ ತೆಗೆದೆ. ನೀನು ಬಾಗಿಲ ಹಿಂದೆ ಹೋಗಿ ಅತ್ತೆ. ಅಜ್ಜಿಗೂ ನನ್ನ ಮೇಲೆ ಸಿಟ್ಟು ಬಂದಿತ್ತು, ಆದರೆ ಆಟಿಕೆಗಾಗಿ ಅಲ್ಲ. ತೀರಿಹೋದವರ ಹೊದಿಕೆಯನ್ನು ಯಾರಿಗಾದರೂ ಕೊಟ್ಟುಬಿಡುವುದು ವಾಡಿಕೆ. ಅದನ್ನು ಎಳೆ ಮಕ್ಕಳ ಬಟ್ಟೆಯ ಜೊತೆ ಇಟ್ಟುಕೊಂಡು ಪರದೇಶಕ್ಕೆ ಒಯ್ಯುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆದರೂ ಒಯ್ದೆ.

ಆ ಕೌದಿ ಲೀಡ್ಸ್ ಚಿಕ್ಕಮ್ಮನ ತಾಯಿಯದು. ಅವರ ಊರು ಸಿರುಗುಪ್ಪ. ಚಿಕ್ಕಮ್ಮ, ಗ್ಲಾಸ್ಗೋ ಮಾಮ, ನಾನು ಇಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಒಂದೇ ತರಗತಿಯವರು. ಹಾಸ್ಟೆಲಿನಲ್ಲಿ ನನ್ನದು, ಚಿಕ್ಕಮ್ಮನದು ಒಂದೇ ಕೋಣೆ, ಐದೂವರೆ ವರ್ಷ. ತಿಂಗಳಿಗೊಂದು ಭಾನುವಾರ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗುತ್ತಿದ್ದೆವು. ಬದನೆಕಾಯಿ ಎಣ್ಣೆಗಾಯಿ, ಬಿಸಿ ರೊಟ್ಟಿ, ಊಟದ ಮೇಲೆ ನೆಲದಲ್ಲೇ ನಿದ್ದೆ. ಹಿಂದಿರುಗುವಾಗ ಆ ತಾಯಿ ಇಬ್ಬರ ಕೈಯಲ್ಲೂ ಸಮವಾಗಿ ಗಂಟು ಇಡುತ್ತಿದ್ದರು. ತಮ್ಮ ಮಗಳಿಗೊಂದು, ನನಗೊಂದು. ಒಂದು ದಿನವೂ ನನ್ನ ಗಂಟು ಚಿಕ್ಕದಾಗಿರಲಿಲ್ಲ. ಹಳೆಯ ಸೀರೆ, ಧೋತರಗಳನ್ನು ಅವರು ಎಂದೂ ಎಸೆದವರಲ್ಲ. ಚೌಕ ಚೌಕವಾಗಿ ಕತ್ತರಿಸಿ, ಪದರ ಹಾಕಿ, ಮಧ್ಯಾಹ್ನಗಳಲ್ಲಿ ಕೂತು ಕೌದಿ ಹೊಲಿಯುತ್ತಿದ್ದರು. ನನ್ನ ಹರಿದ ನೀಲಿ ಚೂಡಿದಾರದ ಒಂದು ಚೂರೂ ಅದರಲ್ಲಿದೆ. ನೀನು ಅಲ್ಲಿ ಬೆರಳಿಟ್ಟು "ಇದು ಆಕಾಶ" ಎಂದು ತೋರಿಸಿದೆಯಲ್ಲ, ಅದೇ ಚೌಕ.

ಓದು ಮುಗಿದ ಮೇಲೆ ಅವರಿಬ್ಬರೂ ಅಲ್ಲಿಯ ಪರೀಕ್ಷೆ ಬರೆದು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಿಗೆ ಹೋದರು. ನಾನು ಇಲ್ಲೇ ಉಳಿದೆ. 2020ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಆ ಬೇಸಿಗೆಯಲ್ಲಿ ಸಿರುಗುಪ್ಪದ ತಾಯಿ ಹೃದಯಾಘಾತದಿಂದ ತೀರಿಕೊಂಡರು. ನಿನಗಾಗ ಎರಡು ವರ್ಷ. ನಿನ್ನನ್ನು ಅಜ್ಜಿಯ ಕೈಗೆ ಕೊಟ್ಟು ನಾನು ಹೋದೆ. ಅಂತ್ಯಕ್ರಿಯೆಗೆ 20 ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ. ಆ 20ರಲ್ಲಿ ಮಗಳು ಇರಲಿಲ್ಲ, ನಾನಿದ್ದೆ. ಮೊಬೈಲ್ ಎತ್ತಿ ಹಿಡಿದು ಚಿಕ್ಕಮ್ಮನಿಗೆ ತೋರಿಸುತ್ತಿದ್ದೆ. ಅವಳು ಅಲ್ಲಿ ಕೊರೊನಾ ವಾರ್ಡಿನ ಪಕ್ಕದ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಮಣ್ಣು ಕೊಡುವ ಹೊತ್ತಿಗೆ ಸಿಗ್ನಲ್ ಹೋಯಿತು. ಮತ್ತೆ ಕರೆ ಸಿಕ್ಕಾಗ ಎಲ್ಲ ಮುಗಿದಿತ್ತು. "ಎಲ್ಲ ಚೆನ್ನಾಗಿ ಆಯಿತು" ಎಂದಷ್ಟೇ ಹೇಳಿದೆ. ಅವಳೂ ಮುಂದೆ ಕೇಳಲಿಲ್ಲ.

ಕೌದಿಯನ್ನು ಅವಳ ಅಣ್ಣ ನನಗೆ ತಂದುಕೊಟ್ಟರು. ಕೊರಿಯರ್‌ನಲ್ಲಿ ಕಳುಹಿಸಬಹುದಿತ್ತು. ಕೇಳಿದಾಗ ಚಿಕ್ಕಮ್ಮ, "ಬೇಡ, ನೀನೇ ತಾ. ಒಗೆಯಬೇಡ" ಎಂದಳು. ಆ ಮಾತಿಗೆ ಸಿಕ್ಕಿಕೊಂಡು ವರ್ಷಗಟ್ಟಲೆ ಅದು ನಮ್ಮ ಅಲಮಾರಿನಲ್ಲಿ ಇತ್ತು. ಮೊದಲು ವಿಮಾನಗಳಿರಲಿಲ್ಲ, ಆಮೇಲೆ ದುಡ್ಡಿರಲಿಲ್ಲ, ಆಮೇಲೆ ತಮ್ಮ ಹುಟ್ಟಿದ. ಕೊನೆಗೆ ಹೊರಟಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಇನ್ನೂ ಚಿಕ್ಕ ಮಕ್ಕಳು, ಅವಕ್ಕೆ ಏನೂ ನೆನಪಿರುವುದಿಲ್ಲ, ದುಡ್ಡು ದಂಡ. ನನಗೆ ಹಾಗನ್ನಿಸಲಿಲ್ಲ. ಎರಡು ವರ್ಷದ ತಮ್ಮನಿಗೆ ನೆನಪಿರುವುದಿಲ್ಲ, ನಿಜ. ಆದರೆ ಅವರಿಗಿರುತ್ತದೆ. ನಿಮ್ಮನ್ನು ಮೊಬೈಲ್ ಪರದೆಯಲ್ಲಿ ಮಾತ್ರ ನೋಡಿದವರು, ತೊಡೆಯ ಮೇಲೆ ಕೂರಿಸಿಕೊಳ್ಳುವ ವಯಸ್ಸಿನಲ್ಲಿ ನಿಮ್ಮನ್ನು ನೋಡಲಿ ಎಂದೇ ಕರೆದೊಯ್ದೆ.

ವೀಸಾಕ್ಕೆಂದು ಬೆಂಗಳೂರಿಗೆ ಹೋದಾಗ ನೀನು ಬೆರಳಚ್ಚು ಕೊಟ್ಟೆ. ಐದು ವರ್ಷದೊಳಗಿನ ಮಕ್ಕಳಿಗೆ ಬೇಕಿಲ್ಲವೆಂದು ತಮ್ಮನದು ತೆಗೆದುಕೊಳ್ಳಲಿಲ್ಲ. ಅದಕ್ಕೆ ನಿನಗೆ ಬಂದ ಹೆಮ್ಮೆ ನನಗೆ ನೆನಪಿದೆ. ವಿಮಾನ ಇಳಿಯುವಾಗ ತಮ್ಮನಿಗೆ ಕಿವಿ ನೋಯದಿರಲೆಂದು ಹಾಲು ಕುಡಿಸುತ್ತಲೇ ಇದ್ದೆ. ನುಂಗುತ್ತಿದ್ದರೆ ಕಿವಿಯೊಳಗಿನ ಒತ್ತಡ ಸಮನಾಗುತ್ತದೆ. ನೀನು ಅಪ್ಪ ಕೊಟ್ಟ ಪೆಪ್ಪರಮೆಂಟು ಚೀಪುತ್ತ ಕಿಟಕಿಗೆ ಮುಖವಿಟ್ಟಿದ್ದೆ.

ಲಂಡನ್ನಿನ ಐದು ದಿನಗಳನ್ನು ಹೆಚ್ಚು ಬರೆಯುವುದಿಲ್ಲ, ಅದು ಅಪ್ಪನ ಗೆಳೆಯರ ಮನೆ, ಅವರೇ ನಿನಗೆ ಹೇಳಲಿ. ವಸ್ತುಸಂಗ್ರಹಾಲಯದಲ್ಲಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರದ ಕೆಳಗೆ ನಿಂತು ನೀನು, "ಇದು ನಮ್ಮ ಮನೆಯೊಳಗೆ ಹಿಡಿಸುತ್ತದಾ?" ಎಂದೆ. ಥೇಮ್ಸ್ ದಂಡೆಯಲ್ಲಿ ಪಾರ್ಲಿಮೆಂಟಿನ ಆಚೆ ದಡಕ್ಕೆ ಬಸವಣ್ಣನವರ ಪುತ್ಥಳಿ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಅದನ್ನು ನೋಡಿ ನೀನು ಯಾರೂ ಹೇಳದೆ ಚಪ್ಪಲಿ ಬಿಟ್ಟೆ. ನೆಲ ಎಷ್ಟು ತಣ್ಣಗಿತ್ತೆಂದರೆ ಒಂದು ಕಾಲೆತ್ತಿ ಇನ್ನೊಂದರ ಮೇಲಿಟ್ಟುಕೊಂಡು ಕೈಮುಗಿದೆ.

ಲೀಡ್ಸ್‌ನ ರಾತ್ರಿಯನ್ನು ಮಾತ್ರ ನಿಧಾನವಾಗಿ ಹೇಳಬೇಕು.

ಬಳ್ಳಾರಿಗೂ ಅಲ್ಲಿಗೂ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆಯ ಅಂತರ. ಅಲ್ಲಿ ನಸುಕಿನ ಮೂರು ಗಂಟೆ ಎಂದರೆ ಇಲ್ಲಿ ಏಳೂವರೆ, ನೀನು ಹಲ್ಲುಜ್ಜುವ ಹೊತ್ತು. ಲಂಡನ್ನಿನಲ್ಲಿ ಐದು ದಿನ ಕಳೆದರೂ ನಿನ್ನ ದೇಹ ಬಳ್ಳಾರಿಯ ಗಡಿಯಾರವನ್ನು ಬಿಟ್ಟಿರಲಿಲ್ಲ. ಮೊದಲ ರಾತ್ರಿಯೇ ಮೂರಕ್ಕೆ ಎದ್ದು, "ಹಸಿವು" ಎಂದೆ. ನಾನು ಬೆಕ್ಕಿನ ಹೆಜ್ಜೆಯಲ್ಲಿ ನಿನ್ನನ್ನು ಅಡುಗೆಮನೆಗೆ ಕರೆತಂದರೆ ಚಿಕ್ಕಮ್ಮ ಅಲ್ಲಿ ಆಗಲೇ ಕೂತಿದ್ದಳು. ಸಂಜೆ ನಾನು ಕೊಟ್ಟ ಕೌದಿ ಅವಳ ತೊಡೆಯ ಮೇಲೆ ಮಡಚಿದ ಹಾಗೇ ಇತ್ತು. ಬಿಚ್ಚಿರಲಿಲ್ಲ. ನಿನ್ನನ್ನು ನೋಡಿದ್ದೇ, "ಬಾ ತಾಯಿ" ಎಂದು ಕರೆದು, ಖಡಕ್ ರೊಟ್ಟಿ ಮುರಿದು, ಚಟ್ನಿ ಪುಡಿಗೆ ಎಣ್ಣೆ ಕಲಸಿ ನಿನಗೆ ತಿನ್ನಿಸಿದಳು. ತಾನೂ ತಿಂದಳು. ತುಪ್ಪ ತರಲಿಲ್ಲವೆಂದು ನಾನು ಪೇಚಾಡಿದೆ. ಹಾಲಿನ ಪದಾರ್ಥಗಳನ್ನು ಆ ದೇಶಕ್ಕೆ ಒಯ್ಯುವಂತಿಲ್ಲ. ಅವಳಿಗೆ ತುಪ್ಪದ ಚಿಂತೆ ಇರಲಿಲ್ಲ.

ಹೊಟ್ಟೆ ತುಂಬಿದ ಮೇಲೆ ನೀನು ಚಳಿ ಎಂದೆ. ಅವಳು ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಕೌದಿ ಬಿಚ್ಚಿ ನಿನಗೆ ಹೊದಿಸಿ, ನಿನ್ನನ್ನು ತೊಡೆಯ ಮೇಲೆ ಎಳೆದುಕೊಂಡಳು. ನೀನು ಚೌಕಗಳನ್ನು ಎಣಿಸುತ್ತ ಎಣಿಸುತ್ತ ನಿದ್ದೆ ಹೋದೆ. ಅವಳು ಕೌದಿಯ ಅಂಚಿಗೆ ಮುಖ ಒತ್ತಿ ಬಹಳ ಹೊತ್ತು ಕೂತಿದ್ದಳು. ನಂತರ ಕೇಳಿದಳು: "ಸಿಗ್ನಲ್ ಹೋದ ಮೇಲೆ ಏನಾಯಿತು, ಹೇಳು."

ಐದು ವರ್ಷ ಫೋನಿನಲ್ಲಿ ವಾರವಾರ ಮಾತಾಡಿದ್ದೆವು. ಆ ಪ್ರಶ್ನೆ ಅವಳ ಬಾಯಿಗೆ ಬಂದಿರಲಿಲ್ಲ, ಉತ್ತರ ನನ್ನ ಬಾಯಿಗೂ ಬಂದಿರಲಿಲ್ಲ. ಅಂದು ಎಲ್ಲ ಹೇಳಿದೆ. ಅಣ್ಣ ವಿಭೂತಿ ಇಟ್ಟದ್ದು, ಬಿಲ್ವಪತ್ರೆ ಸಾಲದೆ ಪಕ್ಕದ ಓಣಿಯಿಂದ ತರಿಸಿದ್ದು, ಮಾಸ್ಕ್ ಹಾಕಿದ್ದರಿಂದ ಯಾರು ಅಳುತ್ತಿದ್ದಾರೆ ಎಂದು ತಿಳಿಯದೆ ಹೋದದ್ದು. ನೆರೆಮನೆಯ ಮುದುಕಿಯೊಬ್ಬರು ಕೊನೆಯ ಗಳಿಗೆಯಲ್ಲಿ ಓಡಿಬಂದು, "ಇದನ್ನು ಬಿಟ್ಟು ಆಕೆ ಎಲ್ಲಿಗೆ ಹೋಗಿದ್ದಾಳೆ" ಎಂದು ಎಲೆ ಅಡಿಕೆಯ ಚಂಚಿಯನ್ನು ಒಳಗಿಟ್ಟದ್ದು. ಚಂಚಿಯ ಮಾತಿಗೆ ಚಿಕ್ಕಮ್ಮ ನಕ್ಕಳು. ನಗುತ್ತಲೇ ಅತ್ತಳು. ನಿನಗೆ ಎಚ್ಚರವಾಗದಿರಲೆಂದು ಸದ್ದು ಮಾಡದೆ ಅತ್ತಳು. ಬೆಳಕು ಹರಿಯುವವರೆಗೂ ನಿನ್ನನ್ನು ಕೆಳಗಿಳಿಸಲಿಲ್ಲ. ಅವಳ ಕಾಲು ಜೋಮು ಹಿಡಿದಿತ್ತು, ಮೇಜು ಹಿಡಿದು ಎದ್ದಳು.

ಪುಟ್ಟಿ, ನಿನ್ನ ಆಟಿಕೆ ಚೀಲ ತೆಗೆದು ಖಾಲಿ ಮಾಡಿದ ಜಾಗದಲ್ಲಿ ಹೋದದ್ದು ಇದು.

ಅಲ್ಲಿ ಮೂರು ವಾರ ಇದ್ದೆವು. ಅವಳ ಮಕ್ಕಳಿಬ್ಬರೂ ನಿನಗಿಂತ ದೊಡ್ಡವರು, ಕನ್ನಡ ತಿಳಿಯುತ್ತದೆ, ಆಡಲು ನಾಚಿಕೆ. ನೀನು ಮನೆಯ ಮುಂದೆ ಸೀಮೆಸುಣ್ಣದಲ್ಲಿ ಕುಂಟಾಬಿಲ್ಲೆಯ ಮನೆ ಬರೆದೆ. ವಾರದೊಳಗೆ ದೊಡ್ಡ ಹುಡುಗ "ಔಟ್ ಅಲ್ಲ, ಗೆರೆ ಮುಟ್ಟಿಲ್ಲ" ಎಂದು ನಿನ್ನ ಜೊತೆ ಜಗಳವಾಡುತ್ತಿದ್ದ. ಹತ್ತು ದಿನ ಒಂದೇ ಸೂರಿನಡಿ ಇದ್ದು, ಒಂದೇ ಬಚ್ಚಲಿಗೆ ಸರದಿ ಕಾಯದೆ ಮಕ್ಕಳ ನಡುವೆ ಇಂಥ ಜಗಳ ಹುಟ್ಟುವುದಿಲ್ಲ. ಎರಡು ದಿನದ ಅತಿಥಿಗಳ ಮುಂದೆ ಎಲ್ಲರೂ ಒಳ್ಳೆಯವರಾಗಿಯೇ ಇರುತ್ತಾರೆ. ನಾನೂ ಚಿಕ್ಕಮ್ಮನೂ ಒಮ್ಮೆ ತಮ್ಮನ ಊಟದ ವಿಷಯಕ್ಕೆ ಮುನಿಸಿಕೊಂಡೆವು, ಒಂದು ಮಧ್ಯಾಹ್ನ ಮಾತು ಬಿಟ್ಟೆವು, ಹಾಸ್ಟೆಲಿನಲ್ಲಿ ಮಾಡುತ್ತಿದ್ದ ಹಾಗೆಯೇ.

ಕಾಲುವೆಗೆ ಹೋದದ್ದು ನೆನಪಿದೆಯೇ? ಲೀಡ್ಸ್‌ನಿಂದ ಲಿವರ್‌ಪೂಲ್‌ವರೆಗೆ 200 ಕಿಲೋಮೀಟರಿಗೂ ಉದ್ದದ ಕಾಲುವೆ ಅದು, 1816ರಲ್ಲಿ ಪೂರ್ತಿಯಾದದ್ದು. ದಂಡೆಯಲ್ಲಿ ನಡೆಯುತ್ತ ನೀನು ಸುತ್ತ ನೋಡಿ, "ಕಾಲುವೆ ಇದೆ, ಗದ್ದೆ ಎಲ್ಲಿ?" ಎಂದೆ. ತುಂಗಭದ್ರೆಯ ಕಾಲುವೆ ನೋಡಿ ಬೆಳೆದ ಹುಡುಗಿ ಕೇಳಬೇಕಾದ ಪ್ರಶ್ನೆಯೇ ಅದು. ಇದು ದೋಣಿಗಳಿಗಾಗಿ ತೋಡಿದ್ದು ಎಂದರೆ ನಂಬಲಿಲ್ಲ. ಬಿಂಗ್ಲಿ ಎಂಬಲ್ಲಿ ದೋಣಿ ಮೆಟ್ಟಿಲು ಹತ್ತುವುದನ್ನು ತೋರಿಸಿದ ಮೇಲೆ ನಂಬಿದೆ. ಒಂದರ ಮೇಲೊಂದು ಐದು ತೊಟ್ಟಿಗಳು, 1774ರಿಂದಲೂ ಇವೆ. ಕೆಳಗಿನ ತೊಟ್ಟಿಗೆ ದೋಣಿ ಬಂದೊಡನೆ ಹಿಂದಿನ ಬಾಗಿಲು ಮುಚ್ಚುತ್ತಾರೆ, ಮೇಲಿನಿಂದ ನೀರು ಬಿಡುತ್ತಾರೆ, ನೀರಿನ ಜೊತೆ ದೋಣಿಯೂ ಏರುತ್ತದೆ, ಆಮೇಲೆ ಮುಂದಿನ ಬಾಗಿಲು. ಹೀಗೆ ಸುಮಾರು 18 ಮೀಟರ್ ಮೇಲಕ್ಕೆ. ಚಿಕ್ಕಮ್ಮ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದೂವರೆ ಗಂಟೆ ನಿಂತಳು.

ಗ್ಲಾಸ್ಗೋಗೆ ಕಾರಿನಲ್ಲಿ ಹೋದೆವು. ಅಲ್ಲಿ 12 ವರ್ಷ ತುಂಬುವವರೆಗೆ, ಇಲ್ಲವೇ 135 ಸೆಂಟಿಮೀಟರ್ ಎತ್ತರವಾಗುವವರೆಗೆ ಮಕ್ಕಳಿಗೆ ಬೇರೆ ಆಸನ ಕಡ್ಡಾಯ. ಮಾಮ ನಿಮಗಾಗಿ ನೆರೆಯವರಿಂದ ಎರಡು ಆಸನ ಬೇಡಿ ತಂದು, ಅವನ್ನು ಕಟ್ಟಿಕೊಂಡೇ ನಮ್ಮನ್ನು ಕರೆಯಲು ಲೀಡ್ಸ್‌ವರೆಗೆ ಬಂದಿದ್ದ. ಅವನ ಊರಿನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. "ಸೂರ್ಯ ಮಲಗಲಿ, ಆಮೇಲೆ ನಾನು" ಎಂದು ನೀನು ಹಟ ಹಿಡಿಯುತ್ತಿದ್ದೆ.

ಒಂದು ಸಂಜೆ ಮಾಮ ಥಾಮಸ್ ಮನ್ರೋ ಬಗ್ಗೆ ಹೇಳಿದ. 1761ರಲ್ಲಿ ಆ ಗ್ಲಾಸ್ಗೋದಲ್ಲಿ ಹುಟ್ಟಿ, 1800ರಿಂದ 1807ರವರೆಗೆ ನಮ್ಮ ಬಳ್ಳಾರಿ ಸೇರಿದ್ದ, ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟ ದತ್ತ ಜಿಲ್ಲೆಗಳ ಕಲೆಕ್ಟರ್ ಆಗಿದ್ದವರು. ತಾಯ್ನಾಡಿನಲ್ಲಿದ್ದ ಸಹೋದರಿಗೆ ಪತ್ರ ಬರೆಯುತ್ತಿದ್ದರು. ಆ ಪತ್ರಗಳು ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುತ್ತಿದ್ದವು. ಮಾಮ ಅದನ್ನು ಹೇಳಿ ಸುಮ್ಮನಾದ. ಆಮೇಲೆ, "ನನಗೆ ದಿನಾ ಬಳ್ಳಾರಿ ಮೊಬೈಲಿನಲ್ಲಿ ಕಾಣುತ್ತದೆ. ಆದರೆ ನನ್ನ ಮನೆಗೆ ಅಲ್ಲಿಂದ ಬಂದವರು ಹದಿನಾಲ್ಕು ವರ್ಷದಲ್ಲಿ ನೀವೇ ಮೊದಲು" ಎಂದ. ಒಂಟಿಯಾಗಿರುವವನು. ನಾವಿದ್ದ ಹತ್ತು ದಿನವೂ ಅಡುಗೆಮನೆಗೆ ನನ್ನನ್ನು ಬಿಡಲಿಲ್ಲ. ತಮ್ಮನಿಗೆ ಜ್ವರ ಬಂದ ರಾತ್ರಿ, ನಾನೂ ವೈದ್ಯೆ ಎಂಬುದನ್ನು ಮರೆತವನ ಹಾಗೆ, ಗಂಟೆಗೊಮ್ಮೆ ಬಂದು ಹಣೆ ಮುಟ್ಟಿ ಹೋಗುತ್ತಿದ್ದ. ತಮ್ಮನಿಗೆ ಅದು ಗೊತ್ತಿಲ್ಲ. ನಿನಗೆ ಗೊತ್ತಿರಲಿ.

ಆಟಿಕೆ ಚೀಲದ ವಿಷಯದಲ್ಲಿ ನಾನು ತಪ್ಪು ಮಾಡಿದ್ದು ಒಂದಿದೆ. ನಿನ್ನನ್ನು ಕೇಳದೆ ತೆಗೆದೆ. ಕೂರಿಸಿಕೊಂಡು ಹೇಳಿದ್ದರೆ ನೀನೇ ತೆಗೆಯುತ್ತಿದ್ದೆಯೇನೋ. ಅದಕ್ಕೆ ಕ್ಷಮಿಸು.

ಇನ್ನೊಂದು ವಿಷಯ. ಬಂದಾಗಿನಿಂದ ನಿನ್ನ ಹಳದಿ ಫ್ರಾಕು ಕಾಣುತ್ತಿಲ್ಲ ಎಂದು ಹುಡುಕುತ್ತಿದ್ದೀಯ. ಅದು ತೋಳಿನಲ್ಲಿ ಬಿಗಿಯಾಗಿತ್ತು, ಚಿಕ್ಕಮ್ಮ ಕೇಳಿದಳು, ನಾನು ಕೊಟ್ಟೆ. ಕೌದಿಯ ಒಂದು ಮೂಲೆ ಹರಿದಿತ್ತು. ಹೊರಡುವ ಹಿಂದಿನ ರಾತ್ರಿ ಅವಳು ಫ್ರಾಕಿನ ಚೂರನ್ನು ಅಲ್ಲಿಟ್ಟು ಹೊಲಿದಳು. ಹೊಲಿಗೆ ಅವಳ ತಾಯಿಯದರಷ್ಟು ನೇರವಾಗಿಲ್ಲ. ನನ್ನ ನೀಲಿ ಚೌಕದಿಂದ ಎಣಿಸಿದರೆ ನಿನ್ನದು ಆರನೆಯದು. ಅಲಮಾರಿನಲ್ಲಿ ಹುಡುಕಬೇಡ.

ನಿನ್ನ ಅಮ್ಮ