ಪುಟ್ಟ ಪ್ರವಾಸಿ ಟ್ರೇಲರ್‌ಗಳ ಪ್ಲಗ್ ಪಾಯಿಂಟ್, ಹೀಟರ್‌ಗಳಿಗೂ ತಪಾಸಣೆ ಬೇಕು

ಮಾನ್ಯ ಸಂಪಾದಕರೇ,

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಇಬ್ಬರು ಮೂವರು ಮಲಗಬಹುದಾದ ಪುಟ್ಟ ಕ್ಯಾಂಪಿಂಗ್ ಟ್ರೇಲರ್‌ಗಳು ಮೈಸೂರಿನಿಂದ ಗುಂಡ್ಲುಪೇಟೆ ಮಾರ್ಗವಾಗಿ ಊಟಿಗೂ ಹುಣಸೂರು ಮಾರ್ಗವಾಗಿ ಮಡಿಕೇರಿಗೂ ಹೊರಡುವುದು ಈಚೆಗೆ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತಿದೆ. ಹೋಟೆಲಿನ ಕೋಣೆಗೆ ಕಾಯದೆ ಬೇಕಾದ ಕಡೆ ಬೀಡುಬಿಟ್ಟು ಊರು ನೋಡುವ ಈ ಹವ್ಯಾಸ ಸಂತೋಷದ್ದೇ. ಆದರೆ ಈ ಟ್ರೇಲರ್‌ಗಳೊಳಗಿನ ಪ್ಲಗ್ ಪಾಯಿಂಟ್‌ಗಳನ್ನೂ ಚಳಿಗೆ ಬಿಸಿ ಮಾಡುವ ಏರ್ಪಾಡನ್ನೂ ಮನೆಯ ವೈರಿಂಗ್ ಲೆಕ್ಕದಲ್ಲೇ ಮಾಡಿ ಮುಗಿಸಲಾಗುತ್ತಿದೆ, ಅದನ್ನು ಪರೀಕ್ಷಿಸಿ ಸರಿಯಿದೆ ಎನ್ನಬೇಕಾದವರು ಯಾರೆಂಬುದೇ ಸ್ಪಷ್ಟವಿಲ್ಲ ಎಂಬ ಸಂಗತಿಯನ್ನು, ಬಹುಕಾಲ ವೈರಿಂಗ್ ಗುತ್ತಿಗೆ ಮಾಡಿದವನಾಗಿ, ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ನನ್ನ ಷಡ್ಡಕರ ಮಗ ಇಂಥದೊಂದು ಟ್ರೇಲರನ್ನು ಸೆಕೆಂಡ್ ಹ್ಯಾಂಡ್ ಕೊಂಡು, ‘ದೊಡ್ಡಪ್ಪ, ಊಟಿಗೆ ಹೀಟರ್ ಬೇಕೇ ಬೇಕು, ಇನ್ನೆರಡು ಪಾಯಿಂಟ್ ಹಾಕಿಸಿಕೊಡಿ’ ಎಂದು ಮನೆ ಮುಂದೆ ತಂದು ನಿಲ್ಲಿಸಿದ್ದ. ಸ್ವಿಚ್ ಬೋರ್ಡಿನ ಸ್ಕ್ರೂ ಬಿಚ್ಚಿ ಮುಂದಕ್ಕೆ ಎಳೆದಾಗ ಕಂಡದ್ದು ಇಷ್ಟು: 16 ಆಂಪಿಯರ್ ಸಾಕೆಟ್ಟಿಗೆ ಒಂದು ಚದರ ಎಂಎಂ ವೈರು ಎಳೆದಿದ್ದರು, ಫೇಸ್ ವೈರು ಸ್ಕ್ರೂವಿನಡಿ ಸಡಿಲವಾಗಿ ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು, ಅರ್ಥ್ ಪಿನ್ನಿಗೆ ವೈರೇ ಇರಲಿಲ್ಲ. ತಗಡಿನ ಗೋಡೆಯಲ್ಲಿ ಕೊರೆದ ತೂತಿಗೆ ರಬ್ಬರ್ ಬುಷ್ ಹಾಕದ ಕಾರಣ ಅಂಚು ತಗುಲಿ ತಗುಲಿ ವೈರಿನ ಹೊದಿಕೆ ಅರ್ಧ ಸವೆದುಹೋಗಿತ್ತು. ಹೊರಗಿನಿಂದ ನೋಡಿದರೆ ಎಲ್ಲವೂ ಹೊಸ ಮಾಡ್ಯುಲರ್ ಸ್ವಿಚ್ಚುಗಳು, ನೀಲಿ ಇಂಡಿಕೇಟರ್ ಬೇರೆ.

ಮನೆಯ ಗೋಡೆ ಅಲುಗಾಡುವುದಿಲ್ಲ. ಟ್ರೇಲರ್ ಉದ್ದಕ್ಕೂ ಕುಲುಕುತ್ತಲೇ ಹೋಗುತ್ತದೆ. ಆದ್ದರಿಂದ ಇದರಲ್ಲಿ ಒಂಟಿ ಎಳೆಯ ಗಟ್ಟಿ ವೈರು ಸಲ್ಲದು, ಹಲವು ಎಳೆಯ ಫ್ಲೆಕ್ಸಿಬಲ್ ವೈರೇ ಬೇಕು. ಅದರ ತುದಿಗೆ ಲಗ್ ಹಾಕಿ ಒತ್ತಿ, ಆಮೇಲೆ ಸ್ಕ್ರೂ ಬಿಗಿಯಬೇಕು. 16 ಆಂಪಿಯರ್ ಪಾಯಿಂಟಿಗೆ ಎರಡೂವರೆ ಚದರ ಎಂಎಂಗೆ ಕಡಿಮೆ ವೈರು ಬಳಸಬಾರದು. ಅದಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಟ್ರೇಲರ್ ನಿಂತಿರುವುದು ರಬ್ಬರ್ ಟೈರುಗಳ ಮೇಲೆ. ಒಳಗೆ ಎಲ್ಲೋ ಸವೆದ ಫೇಸ್ ವೈರು ತಗಡಿಗೆ ತಗುಲಿದರೆ ಟ್ರೇಲರಿನ ಇಡೀ ಮೈಗೆ ಕರೆಂಟು ಬಂದು ನಿಲ್ಲುತ್ತದೆ, ನೆಲಕ್ಕೆ ಹರಿದುಹೋಗಲು ಅದಕ್ಕೆ ಬೇರೆ ದಾರಿಯಿರುವುದಿಲ್ಲ. ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದವರೇ ಆ ದಾರಿಯಾಗುತ್ತಾರೆ. ಚಾಸಿಯನ್ನೂ ತಗಡನ್ನೂ ಅರ್ಥ್ ವೈರಿಗೆ ಬಿಗಿಯಾಗಿ ಜೋಡಿಸಿ, ಕರೆಂಟು ಒಳಬರುವ ಜಾಗದಲ್ಲೇ, ಕರೆಂಟು ಸೋರಿದೊಡನೆ ಸಾಲನ್ನು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕೂರಿಸುವುದು ಇದಕ್ಕೆ ಪರಿಹಾರ. ಎಂಸಿಬಿ (ಕರೆಂಟು ಮಿತಿಮೀರಿದರೆ ಕಡಿಯುವ ಸ್ವಿಚ್ಚು) ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಮೈಯಲ್ಲಿ ಹರಿಯುವ ಅಲ್ಪ ಕರೆಂಟು ಅದರ ಗಮನಕ್ಕೇ ಬಾರದು.

ಇನ್ನೊಂದು ತೊಡಕಿದೆ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿರುವುದರಿಂದ ತಡವಾಗಿ ಹೊರಟವರು ಗುಂಡ್ಲುಪೇಟೆಯ ಆಸುಪಾಸಿನಲ್ಲಿ ತಂಗಬೇಕಾಗುತ್ತದೆ. ಅಲ್ಲಿ ಯಾವುದಾದರೂ ಡಾಬಾದಿಂದಲೋ ತೋಟದ ಮನೆಯಿಂದಲೋ ಎಕ್ಸ್‌ಟೆನ್ಷನ್ ವೈರು ಎಳೆದುಕೊಳ್ಳುತ್ತಾರೆ. ಅಂಥ ಕಡೆ, ಜಾತ್ರೆಯ ಪೆಂಡಾಲಿನ ತಾತ್ಕಾಲಿಕ ಪಾಯಿಂಟುಗಳಲ್ಲಿ ಆಗುವಂತೆ, ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವ ಸಂಭವ ಉಂಟು. ಆಗ ಟ್ರೇಲರ್ ಒಳಗಿನ ಸ್ವಿಚ್ಚನ್ನು ಆರಿಸಿದರೂ ಸಾಕೆಟ್ಟಿನಲ್ಲಿ ಫೇಸ್ ಉಳಿದೇ ಇರುತ್ತದೆ. ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಡಬಲ್ ಪೋಲ್ ಬ್ರೇಕರ್ ಬೇಕೆನ್ನುವುದು ಈ ಕಾರಣಕ್ಕೆ. ಹಾಗೆಯೇ ವೈರಿನ ಡ್ರಮ್ಮನ್ನು ಪೂರ್ತಿ ಬಿಚ್ಚದೆ, ಸುತ್ತಿದ ಹಾಗೆಯೇ ಬಿಟ್ಟು ಹೀಟರ್ ಹಾಕುವ ಅಭ್ಯಾಸವನ್ನೂ ಬಿಡಬೇಕು. ಒಳಸುತ್ತಿನ ಶಾಖ ಹೊರಹೋಗಲಾರದೆ ಹೊದಿಕೆಯೇ ಕರಗುತ್ತದೆ.

12 ವೋಲ್ಟಿನ ಬ್ಯಾಟರಿ ಸಾಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶಾಕ್ ಹೊಡೆಯುವುದಿಲ್ಲವೆಂದು ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ. 120 ವ್ಯಾಟಿನ ಉಪಕರಣ 230 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪಿಯರ್ ಎಳೆದರೆ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ. ವೈರು ದಪ್ಪವಿರಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಮೊಬೈಲ್ ಚಾರ್ಜಿಗೆ ಯುಎಸ್‌ಬಿ ಪಾಯಿಂಟ್ ಹಾಕಿಸಿದರೆ ಮುಗಿಯಿತು. ಅದರ ಬದಲು ಮನೆಯಲ್ಲಿ ಬಳಸುವ ಎರಡು ಪಿನ್ನಿನ ಸಾಕೆಟ್ಟನ್ನೇ 12 ವೋಲ್ಟಿಗೂ ಕೂರಿಸುವವರಿದ್ದಾರೆ, ಇದು ಶುದ್ಧ ಅವಿವೇಕ. ಅಲ್ಲಿ ಬಳಸಿದ 12 ವೋಲ್ಟಿನ ಫ್ಯಾನಿನ ಪ್ಲಗ್ಗನ್ನು ಮಕ್ಕಳು ಒಂದು ದಿನ ಮನೆಯ ಗೋಡೆಗೆ ಚುಚ್ಚದೆ ಬಿಡುವುದಿಲ್ಲ.

ಹೀಟರ್ ವಿಷಯಕ್ಕೆ ಬಂದರೆ, ಮೈಸೂರು ಮಂಡ್ಯಗಳಲ್ಲಿ ಅದರ ಅಗತ್ಯ ಇಲ್ಲವೇ ಇಲ್ಲ ಎನ್ನಬಹುದು. ಊಟಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬೀಳುತ್ತದೆ. ಸಾಮಾನ್ಯವಾದ 2,000 ವ್ಯಾಟಿನ ಫ್ಯಾನ್ ಹೀಟರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಅದರ ದಪ್ಪ ಪಿನ್ನಿನ ಪ್ಲಗ್ಗನ್ನು ಸಂತೇಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಕನ್ವರ್ಟರ್ ಮೂಲಕ 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿ ರಾತ್ರಿಯಿಡೀ ಉರಿಸಿದರೆ, ನಾನು ಬಿಚ್ಚಿ ನೋಡಿದ ಬೋರ್ಡಿನ ಸ್ಥಿತಿಯೇ ಗತಿ. 6 ಆಂಪಿಯರ್ ಸಾಕೆಟ್ಟಿನ ತಾಕತ್ತು 1,380 ವ್ಯಾಟಿಗೆ ಮುಗಿಯುತ್ತದೆ. ಅಷ್ಟಕ್ಕೂ ಅಷ್ಟು ಚಿಕ್ಕ ಗೂಡಿಗೆ 2,000 ವ್ಯಾಟ್ ಏಕೆ ಬೇಕು? ಗೋಡೆಗೆ ಥರ್ಮಾಕೋಲ್ ಪದರ ಕೊಟ್ಟಿದ್ದರೆ ನನ್ನ ಅಂದಾಜಿನಲ್ಲಿ ಅದರ ಅರ್ಧವೂ ಹೆಚ್ಚೇ. ಕೆಂಪಗೆ ಕಾಯುವ ರಾಡಿನ ಹೀಟರ್ ಕಡಿಮೆ ವ್ಯಾಟಿನದಾದರೂ ಹಾಸಿಗೆಯಿಂದ ಒಂದು ಮೊಳ ದೂರದಲ್ಲಿ ಅದನ್ನು ಇಡುವುದು ಬೇಡ. ಮಗುಚಿದರೆ ತಾನೇ ಆರುವ, ಅತಿಯಾಗಿ ಕಾದರೆ ಕಡಿದುಕೊಳ್ಳುವ ಆಯಿಲ್ ಹೀಟರ್ ಮೇಲು.

ಈ ಸಂದರ್ಭದಲ್ಲಿ ಯುವಕರಿಗೆ ಒಂದು ಎಚ್ಚರಿಕೆ ಹೇಳಬೇಕಿದೆ. ಅಮೆರಿಕದವರು ತಮ್ಮ ಟ್ರೇಲರ್‌ನ ಹಳೆಯ ಥರ್ಮೋಸ್ಟಾಟ್ (ಬಿಸಿಯ ಮಟ್ಟ ನೋಡಿ ಹೀಟರನ್ನು ಹಚ್ಚಿ ಆರಿಸುವ ಸಾಧನ) ಕಿತ್ತು ಡಿಜಿಟಲ್ ಥರ್ಮೋಸ್ಟಾಟ್ ಹಾಕುವ ವಿಡಿಯೊಗಳನ್ನು ನೋಡಿ ಇಲ್ಲಿಯೂ ಹಾಗೆ ಮಾಡಹೊರಡುವವರಿದ್ದಾರೆ. ಅಲ್ಲಿನ ಏರ್ಪಾಡೇ ಬೇರೆ. ಅವರ ಸಾಕೆಟ್ಟುಗಳು 120 ವೋಲ್ಟ್, 60 ಹರ್ಟ್ಸ್‌ನವು. ಬಿಸಿ ಮಾಡುವುದು ಗ್ಯಾಸ್ ಫರ್ನೇಸ್. ಅದರ ಬೆಂಕಿಯ ಪೆಟ್ಟಿಗೆ ಮುಚ್ಚಿದ್ದಾಗಿದ್ದು, ಗಾಳಿಯನ್ನು ಹೊರಗಿನಿಂದ ಎಳೆದು ಹೊಗೆಯನ್ನು ಹೊರಗೇ ಬಿಡುತ್ತದೆ. ಒಳಗೆ ಬಿಸಿಗಾಳಿ ಬೀಸುವ ಫ್ಯಾನು 12 ವೋಲ್ಟಿನದು. ಗೋಡೆಯ ಮೇಲಿನ ಥರ್ಮೋಸ್ಟಾಟ್ ಆ ಫರ್ನೇಸಿಗೆ ‘ಹೊತ್ತಿಕೊ, ಆರು’ ಎಂದು ಸನ್ನೆ ಕೊಡುವ ಕಡಿಮೆ ವೋಲ್ಟಿನ ಸ್ವಿಚ್ಚು ಮಾತ್ರ. ಹಳೆಯ ಕಡ್ಡಿ ಸರಿಸುವ ಮಾದರಿಯಲ್ಲಿ ಲೋಹದ ಪಟ್ಟಿ ನಿಧಾನವಾಗಿ ಬಾಗುವುದರಿಂದ ಕೋಣೆ ಒಮ್ಮೆ ಸೆಕೆ, ಒಮ್ಮೆ ಚಳಿ ಎನ್ನಿಸುತ್ತದೆ; ಡಿಜಿಟಲ್ ಹಾಕಿದರೆ ಒಂದೆರಡು ಡಿಗ್ರಿಯೊಳಗೆ ನಿಲ್ಲುತ್ತದೆ, ಅಲ್ಲಿಯವರಿಗೆ ಅದು ಒಳ್ಳೆಯ ಸುಧಾರಣೆಯೇ. ಅದೇ ಥರ್ಮೋಸ್ಟಾಟಿಗೆ ನಮ್ಮ 230 ವೋಲ್ಟಿನ ಹೀಟರನ್ನು ನೇರವಾಗಿ ಕೊಟ್ಟರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಳ್ಳುತ್ತದೆ, ಆಮೇಲೆ ಹೀಟರ್ ಆರುವುದೇ ಇಲ್ಲ. ನಮ್ಮ ವೋಲ್ಟೇಜಿಗೂ ಹೀಟರಿನ ಆಂಪಿಯರಿಗೂ ಹೊಂದುವ ಥರ್ಮೋಸ್ಟಾಟನ್ನೇ ಕೊಳ್ಳಬೇಕು, ಇಲ್ಲವೇ ನಡುವೆ ದೊಡ್ಡ ಕರೆಂಟನ್ನು ತಾನೇ ಹೊರುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಹಾಕಬೇಕು.

ಕರೆಂಟು ಸಿಗದ ಕಡೆ ಟ್ರೇಲರ್ ಒಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಳ್ಳುವುದು, ಗ್ಯಾಸ್ ಒಲೆ ಹಚ್ಚಿ ಬಿಡುವುದು ಇವೆಲ್ಲಕ್ಕಿಂತ ಘೋರ. ಇವುಗಳಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಮಲಗುವ ಎತ್ತರದಲ್ಲಿ ಆ ವಿಷಾನಿಲದ ಅಲಾರಂ ಒಂದು, ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲದ ಬಳಿ ಗ್ಯಾಸ್ ಸೋರಿಕೆಯ ಅಲಾರಂ ಒಂದು, ಮುಚ್ಚಲಾಗದ ಗಾಳಿಕಿಂಡಿಗಳು ಎರಡು, ಇಷ್ಟಿಲ್ಲದ ಟ್ರೇಲರನ್ನು ಯಾರೂ ಬಾಡಿಗೆಗೆ ಕೊಡಬಾರದು.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ಆದರೆ ಆರ್‌ಟಿಒ ಅಧಿಕಾರಿ ಸ್ವಿಚ್ ಬೋರ್ಡ್ ಬಿಚ್ಚಿ ನೋಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ, ಅದು ಅವರ ಕಸುಬೂ ಅಲ್ಲ. ಬಾಡಿಗೆಗೆ ಓಡುವ ಟ್ರೇಲರ್‌ಗಳಿಗೆ ಲೈಸೆನ್ಸ್ ಹೊಂದಿದ ವಿದ್ಯುತ್ ಗುತ್ತಿಗೆದಾರರ ಪರೀಕ್ಷಾ ವರದಿಯನ್ನು, ಮನೆಗೆ ಹೊಸ ಸಂಪರ್ಕ ಪಡೆಯುವಾಗ ಕೇಳುವಂತೆ, ವರ್ಷಕ್ಕೊಮ್ಮೆ ಕಡ್ಡಾಯ ಮಾಡಬಹುದು. ಅದರ ನಮೂನೆಯನ್ನು ವಿದ್ಯುತ್ ಪರಿವೀಕ್ಷಣಾಲಯ ಸಿದ್ಧಪಡಿಸಿಕೊಡಬಹುದು. ಪ್ರವಾಸೋದ್ಯಮ ಇಲಾಖೆಯು ಕೆಆರ್‌ಎಸ್, ಶ್ರೀರಂಗಪಟ್ಟಣಗಳಂಥ ಕಡೆ ವಾಹನ ನಿಲುಗಡೆಯ ಒಂದು ಮೂಲೆಯಲ್ಲಿ ಮಳೆನೀರು ಇಳಿಯದ ಪೆಟ್ಟಿಗೆ, ಸರಿಯಾದ ಅರ್ಥಿಂಗ್, ಪ್ರತಿ ಪಾಯಿಂಟಿಗೂ ಪ್ರತ್ಯೇಕ ಆರ್‌ಸಿಸಿಬಿ ಇರುವ ನಾಲ್ಕಾರು 16 ಆಂಪಿಯರ್ ಕಂಬಗಳನ್ನು ವಿದ್ಯುತ್ ಸರಬರಾಜು ಸಂಸ್ಥೆ ಸೆಸ್ಕ್ ನೆರವಿನಿಂದ ಹಾಕಿಸಿ, ಬಳಸಿದ ಯೂನಿಟ್ಟಿಗೆ ಹಣ ಪಡೆದರೆ, ಕಂಡಕಂಡಲ್ಲಿ ವೈರು ಎಳೆಯುವುದು ತಾನಾಗಿ ಕಡಿಮೆಯಾಗುತ್ತದೆ. ಈ ಎರಡು ಕೆಲಸಗಳಲ್ಲಿ ಪರೀಕ್ಷಾ ವರದಿಯದು ಖರ್ಚಿಲ್ಲದ್ದು, ಬರುವ ಚಳಿಗಾಲಕ್ಕೆ ಮೊದಲೇ ಜಾರಿಗೆ ತರಲು ಸಾಧ್ಯವಿರುವಂಥದ್ದು. ಜಿಲ್ಲಾಡಳಿತ ಅದನ್ನು ಮೊದಲು ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿದ್ಯುತ್ ಗುತ್ತಿಗೆದಾರ,
ಕುವೆಂಪುನಗರ, ಮೈಸೂರು