ದಿವಾಳಿಯ ಬಾಗಿಲಲ್ಲಿ ಸಾಲದ ಪಾಠ

ಮಾನ್ಯರೇ,

ಹೋದ ವರ್ಷ ಅಮೆರಿಕದ ಒಹಾಯೊದಲ್ಲಿ ತಂಗಿಯ ಮಗನ ಮನೆಯಲ್ಲಿ ಮೂರು ತಿಂಗಳಿದ್ದೆ. ಅವನು ದಿವಾಳಿ ಅರ್ಜಿ ಹಾಕುವ ತಯಾರಿಯಲ್ಲಿದ್ದ. ಹೆಂಡತಿಯ ಆಪರೇಷನ್ನಿನ ಬಿಲ್ಲು, ಅದನ್ನು ಕಟ್ಟಲು ಉಜ್ಜಿದ ನಾಲ್ಕು ಕ್ರೆಡಿಟ್ ಕಾರ್ಡು. ದುಂದು ಮಾಡಿದ ಹುಡುಗನಲ್ಲ.

ಅಲ್ಲಿ ಸುಮ್ನೆ ಕೋರ್ಟಿಗೆ ಹೋಗಿ ‘ಪಾಪರಾದೆ’ ಅನ್ನುವಂತಿಲ್ಲ. 2005ರ ಕಾನೂನಿನಂತೆ, ಅರ್ಜಿಗೆ ಮೊದಲಿನ 180 ದಿನಗಳೊಳಗೆ ಮಾನ್ಯತೆ ಪಡೆದ ಸಂಸ್ಥೆಯಿಂದ ಸಾಲ ಸಲಹೆ, ಅಂದರೆ ಆದಾಯ-ಖರ್ಚು ನೋಡಿ ಸಾಲ ತೀರಿಸುವ ದಾರಿ ಹೇಳುವ ಪಾಠ, ಪಡೆದು ಸರ್ಟಿಫಿಕೇಟ್ ತರಬೇಕು. ಅರ್ಜಿ ಹಾಕಿದ ಮೇಲೆ ಇನ್ನೊಂದು ಪಾಠ. ಅದನ್ನೂ ಮುಗಿಸದೆ ಸಾಲದಿಂದ ಬಿಡುಗಡೆಯಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿದ. ಆ ಕಡೆ ಸಲಹಾ ಸಂಸ್ಥೆಯ ಹೆಂಗಸು ಮರ್ಯಾದೆಯಿಂದಲೇ ಕೇಳಿದಳು. ಹೋಟೆಲ್ ಊಟಕ್ಕೆ ತಿಂಗಳಿಗೆ ಎಷ್ಟು? ಸೊನ್ನೆ. ಕೇಬಲ್ಲಿಗೆ? ತೆಗೆಸಿದ್ದೇನೆ. ಕಟಿಂಗಿಗೆ? ಅವನು ನನ್ನ ಮುಖ ನೋಡಿ ನಕ್ಕ. ಹಿಂದಿನ ಭಾನುವಾರ ಅವನ ತಲೆಗೆ ಮೆಷಿನ್ ಹಿಡಿದವನು ನಾನೇ! ಗಂಟೆಗೂ ಜಾಸ್ತಿ ಹೀಗೆ ಚಿಲ್ಲರೆ ಲೆಕ್ಕ ನಡೆಯಿತು. ಕೊನೆಗೆ ಆಕೆಯೇ ‘ಕಡಿಮೆ ಮಾಡಲು ಇನ್ನೇನೂ ಕಾಣುತ್ತಿಲ್ಲ’ ಅಂದಳು. ಸರ್ಟಿಫಿಕೇಟ್ ಇಮೇಲಿನಲ್ಲಿ ಬಂತು. ಮುಳುಗಿದವನು ಅದಕ್ಕೂ ಫೀಸು ಕಟ್ಟಬೇಕು. ತೀರಾ ಕಡಿಮೆ ಆದಾಯದವರಿಗೆ ಮಾತ್ರ ವಿನಾಯಿತಿ ಕೇಳಲು ಅವಕಾಶವಿದೆ.

‘ಮೊದಲ ಕಾರ್ಡು ಉಜ್ಜುವಾಗಲೇ ಈಕೆ ಸಿಕ್ಕಿದ್ದರೆ ಆಸ್ಪತ್ರೆಯವರ ಹತ್ತಿರ ಕಂತು ಕೇಳಿರುತ್ತಿದ್ದೆ ಮಾವ’ ಅಂದ. ಅದೇ ನನ್ನ ತಕರಾರು. ಪಾಠ ಒಳ್ಳೆಯದೇ, ಹೇಳಿಕೊಡುವ ಹೊತ್ತು ತಪ್ಪು.

ನಮ್ಮಲ್ಲಿ? ನಾನು 31 ವರ್ಷ ಬ್ಯಾಂಕ್ ಕೌಂಟರಿನಲ್ಲಿ ಕೂತವನು. 2009ರಲ್ಲಿ ರಿಸರ್ವ್ ಬ್ಯಾಂಕ್ ‘ಆರ್ಥಿಕ ಸಾಕ್ಷರತೆ ಮತ್ತು ಸಾಲ ಸಲಹಾ ಕೇಂದ್ರ’ಗಳ ಯೋಜನೆ ತಂದಿತ್ತು. 2012ರಲ್ಲಿ ಹೆಸರಿನಿಂದ ಸಾಲ ಸಲಹೆ ಬಿದ್ದುಹೋಗಿ, ಬರೀ ಸಾಕ್ಷರತಾ ಕೇಂದ್ರ ಉಳಿಯಿತು. ನಾನು ಕಂಡ ಶಿಬಿರಗಳಲ್ಲಿ ಖಾತೆ ತೆರೆಯಿರಿ, ಓಟಿಪಿ ಹೇಳಬೇಡಿ ಅನ್ನುತ್ತಿದ್ದರು. ಬೇಕಾದ್ದೇ. ಆದರೆ ಸಂಘದ ಕಂತಿಗೆ ಆ್ಯಪ್ ಸಾಲ, ಆ್ಯಪ್ ಸಾಲಕ್ಕೆ ಓಲೆ ಅಡವು ಅಂತ ಸುತ್ತುತ್ತಿರುವ ಹೆಂಗಸು ಯಾರ ಮುಂದೆ ಲೆಕ್ಕ ಬಿಚ್ಚಬೇಕು? ಪಾಸ್‌ಬುಕ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ನನ್ನ ಕೌಂಟರಿಗೆ ಬಂದವರಿದ್ದಾರೆ, ಪಕ್ಕದವರು ನೋಡಿಯಾರು ಅಂತ.

ಎರಡು ಕಂತು ತಪ್ಪಿದರೆ ನೋಟಿಸು ಹೇಗೂ ಹೋಗುತ್ತದೆ ಅಲ್ವಾ? ಆ ನೋಟಿಸಿನಲ್ಲೇ ಹತ್ತಿರದ ಕೇಂದ್ರದ ವಿಳಾಸ, ಫೋನ್ ನಂಬರ್ ಕನ್ನಡದಲ್ಲಿ ಅಚ್ಚಾಗಲಿ. ಆ ನಂಬರಿಗೆ ಫೋನ್ ಮಾಡಿದರೆ ಎತ್ತುವವರೂ ಇರಲಿ.

– ನಿವೃತ್ತ ಬ್ಯಾಂಕ್ ನೌಕರ, ಸಾಗರ